ಕೆಂಪು ಬಾರದ ಆಫೀಸು

ನಮ್ಮ ಆಫೀಸಿನಲ್ಲಿ ನಗುವಂಥದ್ದು ಏನಾದರೊಂದು ಆಗದ ವಾರವೇ ಇಲ್ಲ. ಆದರೆ ಆಗುವ ಹೊತ್ತಿಗೆ ಯಾರಿಗೂ ನಗು ಬರುವುದಿಲ್ಲ. ಎಲ್ಲರ ಮುಖವೂ ಬಿಳಿಚಿಕೊಂಡಿರುತ್ತದೆ. ನಗು ಬರುವುದು ನಾಲ್ಕಾರು ದಿನ ಬಿಟ್ಟು, ಅದೂ ಬಸ್ಸಿನಲ್ಲಿ, ಒಬ್ಬಳೇ ಕೂತಿರುವಾಗ. ಪಕ್ಕದ ಸೀಟಿನ ಹೆಂಗಸು ಸೆರಗು ಸರಿಮಾಡಿಕೊಂಡು ಸ್ವಲ್ಪ ಆಚೆ ಸರಿದು ಕೂರುತ್ತಾಳೆ.

ಆಫೀಸು ಇರುವುದು ಶಹಾಪುರದಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ನಾನು ಸುರಪುರದಿಂದ ದಿನಾ ಬಸ್ಸಿಗೆ ಬರುತ್ತೇನೆ. ನಾವು ಇರುವುದೇ ನಾಲ್ಕು ಮಂದಿ. ಆಫೀಸಿನ ಯಜಮಾನರನ್ನು ‘ಸರ್’ ಅನ್ನುತ್ತೇವೆ. ಕೋಡ್ ಬರೆಯುವವನು ರಾಮಸಮುದ್ರದವ. ಊರೇ ಅವನಿಗೆ ಹೆಸರಾಗಿ ಉಳಿದಿದೆ. ಊರೂರು ತಿರುಗಿ ರೈತರ ಜೊತೆ ಮಾತಾಡುವ ಹಿರಿಯರು ಕಾಕಾ. ನಾಲ್ಕನೆಯವಳು ನಾನು. ರಾಮಸಮುದ್ರದವ ಬರೆದದ್ದು ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಂದರೆ ದಿನವಿಡೀ ಅನುಮಾನ ಪಡುವುದಕ್ಕೆ ನನಗೆ ಪಗಾರ ಕೊಡುತ್ತಾರೆ. ಮನೆಯಲ್ಲಿ ಇದನ್ನೇ ಪುಕ್ಕಟೆ ಮಾಡುತ್ತಿದ್ದೆ.

ನಮ್ಮ ಸಾಫ್ಟ್‌ವೇರಿನ ಕೆಲಸ ಕೇಳುವುದಕ್ಕೆ ಸಣ್ಣದು. ಕಾಲುವೆಗೆ ನೀರು ಬಿಟ್ಟ ಕೂಡಲೇ ಆ ಕಾಲುವೆಯ ರೈತರ ಫೋನಿಗೆ ‘ನೀರು ಬಿಟ್ಟಿದೆ, ನಿಮ್ಮ ಪಾಳಿ’ ಎಂದು ಮೆಸೇಜ್ ಹೋಗಬೇಕು. ಮುಟ್ಟಿದರೆ ಗೋಡೆಯ ಪರದೆಯಲ್ಲಿ ಆ ರೈತನ ಹೆಸರಿನ ಮುಂದೆ ಹಸಿರು, ಮುಟ್ಟದಿದ್ದರೆ ಕೆಂಪು. ಕೆಂಪು ಬಂದ ಊರಿಗೆ ಕಾಕಾ ಗಾಡಿ ಹತ್ತಿ ಹೋಗಿ ಬಾಯಲ್ಲೇ ಹೇಳಿ ಬರಬೇಕು. ಕಾಲುವೆಯ ಕಟ್ಟಕಡೆಯ ಹೊಲದವನಿಗೆ ಸುದ್ದಿ ತಪ್ಪಿದರೆ ಪಾಳಿ ತಪ್ಪಿತು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ನೀರು ತಪ್ಪಿದ ಭತ್ತ ಜೊಳ್ಳಾಗುತ್ತದೆ. ಹೀಗಾಗಿ ನಮಗೆ ಹಸಿರಿಗಿಂತ ಕೆಂಪೇ ಮುಖ್ಯ.

ಇದನ್ನು ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ. ಅಲ್ಲಿ ಕೆಲವು ಕೆಲಸಗಳು ಕೇಳಿದ ಕೂಡಲೇ ಉತ್ತರ ಕೊಡುತ್ತವೆ. ಮೆಸೇಜ್ ಕಳಿಸುವಂಥ ಕೆಲಸ ಹಾಗಲ್ಲ. ಅದು ಮೊದಲು ಬರೀ ಮಾತು ಕೊಡುತ್ತದೆ. ಪ್ರಾಮಿಸ್ ಅಂತಲೇ ಅದರ ಹೆಸರು. ಆ ಮಾತು ಉಳಿಯಿತೋ ಮುರಿಯಿತೋ ತಿಳಿಯುವುದು ಆಮೇಲೆ. ಕೋಡ್ ಸರಿ ಇದೆಯೇ ಎಂದು ನೋಡುವ ಇನ್ನೊಂದು ಸಣ್ಣ ಕೋಡಿಗೆ ಟೆಸ್ಟ್ ಅನ್ನುತ್ತೇವೆ. ಅದು ಅಲ್ಲಿಯ ತನಕ ಕಾಯಬೇಕು. ಕಾಯಲಿಕ್ಕೆ ‘ಅವೇಟ್’ ಎಂಬ ಒಂದು ಶಬ್ದ ಬರೆಯಬೇಕು. ಇಷ್ಟು ಗೊತ್ತಿದ್ದರೆ ಮುಂದಿನದಕ್ಕೆ ಕಂಪ್ಯೂಟರ್ ಕಲಿತಿರಬೇಕಾಗಿಲ್ಲ.

ಇನ್ನು ನಮ್ಮ ಹೊಟ್ಟೆಯ ಮಾತು. ಒಂದು ಕಾಲುವೆಯ ನೀರು ಬಳಕೆದಾರರ ಸಂಘದವರು ಒಂದೇ ಒಂದು ಹಂಗಾಮಿಗೆ ಇದನ್ನು ನೋಡಲು ಒಪ್ಪಿದ್ದರು. ಸಂಘದ ಅಧ್ಯಕ್ಷರು ಹೇಳಿದ್ದು ಇಷ್ಟು: “ಕೊಯ್ಲಿಗಿಂತ ಮೊದಲಿನ ಕೊನೀ ಪಾಳಿ ದಿನ ನಾ ಬಂದು ನಿಮ್ಮಲ್ಲೇ ಕುಂಡ್ರತೀನಿ. ನಂಬಿಕಿ ಬಂತಂದ್ರ ಉಳದ ಕಾಲುವಿಗೂ ಹಚ್ಚೂಣು. ಇಲ್ಲಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ.” ಅವರು ಮೆಟ್ಟಿಲು ಇಳಿದ ಮೇಲೆ ಸರ್ ನಮ್ಮ ಕಡೆ ತಿರುಗಿ, “ಇದು ಕೈಗಿ ಹತ್ತಲಿಲ್ಲಂದ್ರ ಬಾಗಲಾ ಹಾಕೋದೇ ನೋಡ್ರಪಾ” ಅಂದರು. ಸುರಪುರದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ನನಗೆ ಇಂಥ ಕೆಲಸ ಇನ್ನೊಂದಿಲ್ಲ. ಅವತ್ತಿನಿಂದ ನನಗೆ ಊಟ ಸೇರುವುದು ಕಡಿಮೆಯಾಯಿತು.

೧. ಏನು ಮಾಡಿದರೂ ಹಸಿರು

ರಾಮಸಮುದ್ರದವ ತಾನು ಬರೆದ ಕೋಡಿಗೆ ತಾನೇ ಟೆಸ್ಟ್‌ಗಳನ್ನೂ ಬರೆದು, ಒಂದು ದಿನ ಮಧ್ಯಾಹ್ನ ಎಲ್ಲರನ್ನೂ ಕರೆದು ಓಡಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲಿಂದ ಕೆಳಗಿನ ತನಕ ಹಸಿರು ಟಿಕ್ಕು, ಅಂದರೆ ಎಲ್ಲಾ ಪಾಸ್. ಸರ್ ಅದನ್ನು ನೋಡಿ ಕೆಳಗಿನ ಅಂಗಡಿಯವರಿಗೆ ಕೂಗಿ, ಮಿರ್ಚಿ ಭಜಿಯನ್ನೂ ಮಂಡಕ್ಕಿಯ ಸುಸಲಾವನ್ನೂ ತರಿಸಿದರು.

ನನಗೆ ಹಸಿರು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ. “ಇಷ್ಟ ಜಲ್ದಿ ಹೆಂಗ ಮುಗೀತು?” ಅಂದೆ.

“ಚಲೋ ಬರದ್ರ ಜಲ್ದೀನೇ ಮುಗೀತದ” ಅಂದ ರಾಮಸಮುದ್ರದವ, ಭಜಿಯ ತುದಿ ಮುರಿಯುತ್ತಾ.

ನಾನು ಎದ್ದು ಹೋಗಿ ಇಂಟರ್ನೆಟ್ಟಿನ ವೈರ್ ಕಿತ್ತೆ. “ಈಗ ಓಡಸು.” ಓಡಿಸಿದ. ಹಸಿರು. ಅವನ ಬಾಯಿ ಅಗಿಯುವುದು ನಿಂತಿತು. ರೈತರ ನಂಬರುಗಳಿದ್ದ ಕಡೆ ಬರೀ ಸೊನ್ನೆಗಳನ್ನು ತುಂಬಿದೆ. ಹಸಿರು. “ನೋಡ್ರಿ ಸರ್, ಸೊನ್ನಿ ನಂಬರಿನವಗೂ ನೀರಿನ ಸುದ್ದಿ ಮುಟ್ಯಾದ” ಅಂದೆ. ಸರ್ ಕೈಯಲ್ಲಿದ್ದ ಭಜಿಯನ್ನು ಕಾಗದದ ಮೇಲೆ ವಾಪಸ್ ಇಟ್ಟರು.

ಕೊನೆಗೆ ಮೆಸೇಜ್ ಕಳಿಸುವ ಕೋಡಿನ ತುಂಡಿನ, ಅಂದರೆ ಫಂಕ್ಷನ್ನಿನ, ಹೊಟ್ಟೆಯೊಳಗಿದ್ದ ಸಾಲುಗಳನ್ನೆಲ್ಲ ಅಳಿಸಿ ಹಾಕಿದೆ. ಈಗ ಅದರೊಳಗೆ ಏನೂ ಇಲ್ಲ. ಈಗಲಾದರೂ ಕೆಂಪು ಬರಲಿ ದೇವರೇ ಎಂದು ಗುಂಡಿ ಒತ್ತಿದೆ. ಮೇಲಿಂದ ಕೆಳಗಿನ ತನಕ ಹಸಿರು.

ಆದದ್ದು ಇಷ್ಟೇ. ಅವನು ಒಂದು ಕಡೆಯೂ ಅವೇಟ್ ಬರೆದಿರಲಿಲ್ಲ. ಟೆಸ್ಟ್ ಹೋಗಿ ‘ಕಳಿಸಪ್ಪಾ’ ಅನ್ನುತ್ತಿತ್ತು, ಉತ್ತರಕ್ಕೆ ಕಾಯದೆ ‘ಎಲ್ಲಾ ಪಾಸ್’ ಎಂದು ಬರೆದು ಮನೆಗೆ ಹೋಗಿಬಿಡುತ್ತಿತ್ತು. ಮಾತು ಮುರಿದು ಬೀಳುವ ಹೊತ್ತಿಗೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ರಾಮಸಮುದ್ರದವ ನೆಲ ನೋಡುತ್ತಿದ್ದ. ಸರ್ ಪರದೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

“ಅಂದ್ರ ನಮ್ಮ ಸಾಫ್ಟ್‌ವೇರ್ ಇಲ್ಲದಿದ್ರೂ ಭಾಳ ಚಲೋ ನಡೀತದ ಅಂದಂಗಾತಲ್ಲ?”

೨. ಸುಮ್ಮನಿದ್ದರೆ ನೀರು ಬಂತು

ಅವೇಟ್ ಸೇರಿಸಿದ ಮೇಲೆ ಸೋಲಿನ ಟೆಸ್ಟ್‌ಗಳ ಸರದಿ. ಇಲ್ಲದ ನಂಬರಿಗೆ ಕಳಿಸಿದರೆ ಫಂಕ್ಷನ್ ‘ಮುಟ್ಟಲಿಲ್ಲ’ ಎಂದು ಒಂದು ತಪ್ಪಿನ ಸೂಚನೆ ಎಸೆಯಬೇಕು. ಎಸೆದದ್ದನ್ನು ಟೆಸ್ಟ್ ಹಿಡಿದು ನೋಡಬೇಕು. ರಾಮಸಮುದ್ರದವ ಹಿಡಿಯುವುದನ್ನೇನೋ ಬರೆದಿದ್ದ. ತಪ್ಪು ಬಾರದೇ ಹೋದರೆ ಏನು ಮಾಡಬೇಕು ಎಂಬುದನ್ನು ಬರೆದಿರಲಿಲ್ಲ.

“ತಪ್ಪ ಬರ್ಲೇಬೇಕಿತ್ತು, ಬರ್ಲಿಲ್ಲ ಅಂತ ಇದು ಕೂಗಬೇಕಲ್ಲ?” ಅಂದೆ.

“ತಪ್ಪ ಬರ್ಲಿಲ್ಲಂದ್ರ ಚಲೋನೇ ಆತಲ್ಲ ಮತ್ತ? ಅದಕ್ಯಾಕ ಕೂಗೋದು?” ಅಂದ.

ಇಬ್ಬರಿಗೂ ಜಗಳ ಹತ್ತಿತು. ಸರ್ ನಡುವೆ ಬಂದು, ಈ ವಾರದ ಪಾಳಿ ಮುಗಿಯಲಿ, ಆಮೇಲೆ ನೋಡೋಣ ಅಂದರು. ನಮ್ಮ ಸಾಫ್ಟ್‌ವೇರ್ ಇನ್ನೂ ನೆಚ್ಚುವಂತಿರಲಿಲ್ಲವಾದ್ದರಿಂದ ಆ ಪಾಳಿಯ ಜವಾಬ್ದಾರಿಯನ್ನು ಕಾಕಾ ತಮ್ಮ ಮೇಲೆ ಹಾಕಿಕೊಂಡಿದ್ದರು. ಕಾಲುವೆಯ ಕಡೆಯ ಊರಿನ ರೈತರನ್ನೆಲ್ಲ ಕಟ್ಟೆಯ ಮೇಲೆ ಕೂಡಿಸಿ ಹೇಳಿ ಬಂದಿದ್ದರು: “ಎಲ್ಲಾರೂ ಫೋನ್ ಮಾಡಿ ನನ್ನ ತಲಿ ತಿನಬ್ಯಾಡ್ರಿ. ನೀರ ಬಂತು, ಸುಮ್ಮನಿರ್ರಿ. ಬರ್ಲಿಲ್ಲ, ಒಂದು ಮಿಸ್ಡ್ ಕಾಲ್ ಕೊಡ್ರಿ. ನಾ ತಿಳ್ಕೋತೀನಿ.”

ನಮ್ಮ ಕಡೆ ಅರ್ಧ ವ್ಯವಹಾರ ನಡೆಯುವುದೇ ಮಿಸ್ಡ್ ಕಾಲಿನಲ್ಲಿ, ಹಾಗಾಗಿ ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಪಾಳಿಯ ದಿನ ಕಾಕಾ ಫೋನನ್ನು ಮೇಜಿನ ಮೇಲಿಟ್ಟು ಬೆಳಗಿನಿಂದ ಅದರ ಮುಂದೆಯೇ ಕೂತರು. ಅದು ಒಂದು ಸಲವೂ ಬಡಿದುಕೊಳ್ಳಲಿಲ್ಲ. ಹೊತ್ತು ಇಳಿಯುವ ಮುಂಚೆ ಅಧ್ಯಕ್ಷರ ಮನೆಯ ತನಕ ಹೋಗಿ, “ಎಲ್ಲಾರಿಗೂ ನೀರ ಮುಟ್ಯಾದ್ರಿ, ಒಂದರ ತಕರಾರಿಲ್ಲ” ಎಂದು ಹೇಳಿಯೂ ಬಂದರು.

ಮಾರನೇ ದಿನ ಮುಂಜಾನೆ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಟ್ರಾಲಿಯ ತುಂಬ ರೈತರು, ಇಂಜಿನ್ ಪಕ್ಕದ ಸೀಟಿನಲ್ಲಿ ಅಧ್ಯಕ್ಷರು. ಮರದ ಮೆಟ್ಟಿಲು ಒಂದೇ ಸಮನೆ ದಡದಡ ಅಂದಾಗ ನಾನು ಎದ್ದು ನಿಂತುಬಿಟ್ಟೆ. ಕಡೆಯ ಊರಿಗೆ ಒಂದು ಹನಿ ನೀರು ಹೋಗಿರಲಿಲ್ಲ. ಎಲ್ಲರೂ ಮಿಸ್ಡ್ ಕಾಲ್ ಕೊಟ್ಟು ಕೊಟ್ಟು ಬೇಸತ್ತಿದ್ದರು.

ಅಧ್ಯಕ್ಷರು ಕೈ ಚಾಚಿದರು. “ಕಾಕಾ, ಫೋನ್ ಕೊಡ್ರಿಲ್ಲಿ.” ನೋಡಿದರೆ ರೀಚಾರ್ಜ್ ಮುಗಿದು ಆ ನಂಬರು ಎಂದೋ ಬಂದ್ ಆಗಿತ್ತು. ಇದ್ದ ಮಂದಿಯೆಲ್ಲ ಒಮ್ಮೆಲೇ ಬಾಯಿ ಮಾಡಿದರು. ಅಧ್ಯಕ್ಷರು ಕಾಲುವೆಗೆ ನೀರು ಬಿಡುವ ಗೇಟಿನವರ ಜೊತೆ ಅಲ್ಲಿಂದಲೇ ಮಾತಾಡಿ, ಕಡೆಯ ಊರಿಗೆ ಒಂದು ದಿನದ ನೀರು ಹೆಚ್ಚಿಗೆ ಬಿಡಿಸುವ ಮಾತು ತೆಗೆದುಕೊಂಡರು. ಇಲ್ಲದಿದ್ದರೆ ಅವತ್ತೇ ನಮ್ಮ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಸರ್ ಕಡೆ ತಿರುಗಿದರು.

“ನೋಡ್ರಿ ಸಾಹೇಬ್ರ, ಚಲೋ ಆದದ್ದ ಎಲ್ಲಾರೂ ತೋರಸ್ತಾರ. ಕೊನೀ ಪಾಳಿ ದಿನ ನನಗ ಹಸಿರು ತೋರಸಬ್ಯಾಡ್ರಿ. ಕೆಟ್ಟಾಗ ಅದು ಹೆಂಗ ಹೇಳ್ತದ, ಅದನ್ನ ತೋರಸ್ರಿ. ಕೆಂಪು ತೋರಸ್ರಿ.”

ಸರ್ ತಲೆಯಾಡಿಸಿದರು. ಅಧ್ಯಕ್ಷರ ಸಿಟ್ಟು ಮತ್ತೆ ಕಾಕಾ ಮೇಲೆ ಹೋಯಿತು. “ಅಲ್ರೀ, ದಿನಾ ಪೂರ್ತಿ ಫೋನ್ ಬಡೀಲಿಲ್ಲ ಅಂದ್ರ ನಿಮ್ಮ ಫೋನೇ ಸತ್ತಿರಬೇಕು ಅಂತ ಅನಸ್ಲಿಲ್ಲೇನು?”

“ಸತ್ತದ ಅಂತ ಯಾರೂ ಮಿಸ್ಡ್ ಕಾಲ್ ಕೊಡ್ಲಿಲ್ಲಲ್ರೀ” ಅಂದರು ಕಾಕಾ, “ಅದಕ್ಕ ಚಲೋ ಅದ ಅನ್ಕೊಂಡೆ.”

೩. ಐದು ಸೆಕೆಂಡಿನ ಮಾತು

ಟೆಸ್ಟ್ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೂ ಒಂದು ಲೆಕ್ಕ ಇರುತ್ತದೆ. ನಮ್ಮಲ್ಲಿ ಐದು ಸೆಕೆಂಡು. ಅಷ್ಟರೊಳಗೆ ಹೌದು ಅಥವಾ ಇಲ್ಲ ಬರದಿದ್ದರೆ ಟೆಸ್ಟ್ ತಾನೇ ಸೋತಿತು ಎಂದು ಕೆಂಪು ಮಾಡಿ ಮುಂದಕ್ಕೆ ಹೋಗುತ್ತದೆ.

ಟೆಸ್ಟ್ ಕೆಂಪಾದಾಗಲೆಲ್ಲ ನಾನು ಕೊಡುವ ಕಾಟ ತಡೆಯಲಾರದೆ ರಾಮಸಮುದ್ರದವ ಆ ಐದನ್ನು ಸದ್ದಿಲ್ಲದೆ ಭಾರೀ ದೊಡ್ಡದು ಮಾಡಿಟ್ಟ. ಆಮೇಲೆ ಟೆಸ್ಟ್ ಓಡಿಸಿ, ಅಮಾವಾಸ್ಯೆ ಇತ್ತು ಎಂದು ಅಬ್ಬೆತುಮಕೂರಿನ ಮಠಕ್ಕೆ ಹೋಗಿ, ಪ್ರಸಾದ ಉಂಡು ಸಂಜೆ ವಾಪಸ್ ಬಂದ. ನಾನು ಅಲ್ಲಿಯ ತನಕ ಪರದೆಯಲ್ಲಿ ಒಂದು ಚಕ್ರ ತಿರುಗುವುದನ್ನು ನೋಡುತ್ತಾ ಕೂತಿದ್ದೆ. ಕೊನೆಯ ಪಾಳಿ ಹತ್ತಿರ ಬರುತ್ತಿದೆ, ಇವನಿಗೆ ಪ್ರಸಾದ!

“ಏನಾತು ನಿನ್ನ ಟೆಸ್ಟ್?” ಅಂತ ಕೂಗಿದೆ.

ಬಗ್ಗಿ ನೋಡಿದ. “ಅದು ಇನ್ನಾ ಆಶಾ ಬಿಟ್ಟಿಲ್ಲ” ಅಂದ.

ಅದೇ ಸಿಟ್ಟಿನಲ್ಲಿ ಮನೆಗೆ ಹೋದರೆ ಅಲ್ಲಿಯೂ ಇದೇ. ನನ್ನನ್ನು ನೋಡಲು ಯಾದಗಿರಿಯಿಂದ ಬಂದಿದ್ದ ಮಂದಿ ಹೋಳಿಗೆ ಉಂಡು, “ಹೇಳಿ ಕಳಸ್ತೀವ್ರಿ” ಎಂದು ಎದ್ದು ಹೋದವರು ಅತ್ತ ಹೌದೂ ಇಲ್ಲ, ಇತ್ತ ಅಲ್ಲವೂ ಇಲ್ಲ. ಅವ್ವ ಬೇರೆ ಸಂಬಂಧ ಬಂದರೆ ಬಾಗಿಲಲ್ಲೇ ನಿಲ್ಲಿಸಿ, “ಒಂದು ಮಾತು ನಡದದ್ರಿ” ಎಂದು ವಾಪಸ್ ಕಳಿಸುತ್ತಿದ್ದಳು. ಆಫೀಸಿನ ಬಾಗಿಲು ಮುಚ್ಚಿದರೆ ನಾನು ಇದೇ ಪಡಸಾಲೆಯಲ್ಲಿ ಕೂತು ಇಂಥವರಿಗೆ ಹೋಳಿಗೆ ಬಡಿಸುತ್ತಿರಬೇಕು ಎಂದು ನೆನೆದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

“ಅವ್ವಾ, ಎಷ್ಟ ದಿನ ಕಾಯ್ತಿ? ಇವರು ಹೇಳಿ ಕಳಸೋ ಮಂದಿ ಅಲ್ಲ. ಇಷ್ಟ ಹೊತ್ತು ಅಂತ ಇಟ್ಕೋಬೇಕು, ಅಷ್ಟರಾಗ ಬರ್ಲಿಲ್ಲಂದ್ರ ಇಲ್ಲ ಅಂತ ತಿಳ್ಕೊಂಡು ಮುಂದಕ್ಕ ಹೋಗ್ಬೇಕು. ನಮ್ಮ ಆಫೀಸಿನ್ಯಾಗ ಹಂಗೇ ಮಾಡೋದು.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ನಿಮ್ಮ ಆಫೀಸಿನ್ಯಾಗ ಎಷ್ಟೊತ್ತು ಕಾಯ್ತೀರಿ?”

“ಐದು ಸೆಕೆಂಡ್.”

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. “ಐದು ಸೆಕೆಂಡಿನ್ಯಾಗ ಹೌದು ಅನ್ನೋ ಮಂದಿಗಿ ಹೆಣ್ಣ ಕೊಡಬಾರದವ್ವ.”

೪. ಊದಿನಕಡ್ಡಿ ಮತ್ತು ಗುಂಡಿ

ಟೆಸ್ಟ್ ಓಡಿಸುವಾಗ ರೈತರಿಗೆ ನಿಜವಾದ ಮೆಸೇಜ್ ಹೋಗಬಾರದಲ್ಲ. ಅದಕ್ಕೆ ಒಬ್ಬ ನಕಲಿ ಟಪಾಲಿನವನನ್ನು ಇಟ್ಟಿರುತ್ತೇವೆ. ‘ಮುಟ್ಟಿಸಿದೆ ಅನ್ನು’ ಎಂದರೆ ‘ಮುಟ್ಟಿಸಿದೆ’ ಅನ್ನುತ್ತಾನೆ, ‘ಮುಟ್ಟಲಿಲ್ಲ ಅನ್ನು’ ಎಂದರೆ ‘ಮುಟ್ಟಲಿಲ್ಲ’ ಅನ್ನುತ್ತಾನೆ. ಆಫೀಸು ಬಿಟ್ಟು ಹೊರಗೆ ಕಾಲಿಡುವುದಿಲ್ಲ.

ಇಷ್ಟರಲ್ಲಿ ಸರ್ ಟೆಸ್ಟ್ ಓಡಿಸುವುದನ್ನು ಕಲಿತಿದ್ದರು. ದಿನಾ ಎಲ್ಲರಿಗಿಂತ ಮೊದಲು ಬಂದು, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಅದೇ ಕೈಯಲ್ಲಿ ಗುಂಡಿ ಒತ್ತಿ, ಹಸಿರು ಟಿಕ್ಕು ಬಂದ ಮೇಲೆ ಪರದೆಗೂ ಒಂದು ಊದಿನಕಡ್ಡಿ ಬೆಳಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ಟೆಸ್ಟ್ ಕೆಂಪಾದ ದಿನ ಮಧ್ಯಾಹ್ನದ ತನಕ ಚಹಾ ಕುಡಿದಿರಲಿಲ್ಲ.

ಒಂದು ಸಂಜೆ ರಾಮಸಮುದ್ರದವ ಏನನ್ನೋ ನೋಡಲೆಂದು ಆ ನಕಲಿ ಟಪಾಲಿನವನನ್ನು ತೆಗೆದು, ನಿಜವಾದವನನ್ನು ಕೂಡಿಸಿ, ಹಾಗೆಯೇ ಬಿಟ್ಟು ಮನೆಗೆ ಹೋದ. ಟೆಸ್ಟಿನಲ್ಲಿ ಇದ್ದದ್ದು ಸಂಘದ ರೈತರ ನಿಜವಾದ ನಂಬರುಗಳೇ. ಮುಂಜಾನೆ ಸರ್ ಬಂದರು, ಊದಿನಕಡ್ಡಿ ಹಚ್ಚಿದರು, ಗುಂಡಿ ಒತ್ತಿದರು.

ನಾನು ಬಸ್ಸಿನಲ್ಲಿದ್ದೆ. ಶಹಾಪುರ ಇನ್ನೂ ದೂರವಿತ್ತು. ಕಿಟಕಿಯಾಚೆ ಕಾಲುವೆ ಒಣಗಿ ಬಿದ್ದಿದೆ, ಅದು ಬಂದ್ ಇರುವ ವಾರ. ಆದರೆ ಕಾಲುವೆಯ ಏರಿಯ ಮೇಲೆ ಮಂದಿಯೋ ಮಂದಿ. ಸಲಿಕೆ ಹೆಗಲಿಗೆ ಹಾಕಿಕೊಂಡವರು, ಬುಟ್ಟಿ ಹೊತ್ತ ಹೆಂಗಸರು, ಮೋಟರ್ ಸೈಕಲ್ಲುಗಳು. ನನ್ನ ಮುಂದಿನ ಸೀಟಿನವನು ಫೋನ್ ಎತ್ತಿ ಪಕ್ಕದವನಿಗೆ ತೋರಿಸಿದ: “ನಾಷ್ಟಾ ಮಾಡೋದ್ರಾಗ ಬಂತ ನೋಡು. ನೀರು ಬಿಟ್ಟಿದೆ, ನಿಮ್ಮ ಪಾಳಿ ಅಂತ.” ಅದು ನಮ್ಮದೇ ಮೆಸೇಜ್.

ಆಫೀಸಿನಲ್ಲಿ ಸರ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವ ಧೈರ್ಯ ಯಾರಿಗೂ ಇಲ್ಲ. ಕಾಕಾರನ್ನು ಏರಿಯ ಮೇಲೆ ಓಡಿಸಿದೆವು. ಅವರು ಹೋಗಿ ಕೈ ಮುಗಿದು, “ನೀರ ಬಿಟ್ಟಿಲ್ರಪ್ಪಾ, ನಾವು ಪರೀಕ್ಷಾ ಮಾಡಾಕತ್ತಿದ್ವಿ” ಅಂದರಂತೆ. ಒಬ್ಬ ಮುದುಕ ಸಲಿಕೆ ನೆಲಕ್ಕೂರಿ, “ಯಾರ್ದು, ನಿಮ್ದಾ ನಮ್ದಾ?” ಎಂದು ಕೇಳಿದನಂತೆ.

“ಬೈದರೇನ್ರಿ ಕಾಕಾ?” ಅಂತ ಫೋನಿನಲ್ಲಿ ಕೇಳಿದೆ. “ಬೈದ್ರು. ಪೂರಾ ಬೈದ್ರು” ಅಂದರು. ಆಮೇಲೆ ಬಹಳ ಹೊತ್ತು ಕಾಕಾ ಫೋನೂ ಇಲ್ಲ, ಸುದ್ದಿಯೂ ಇಲ್ಲ. ರಾಮಸಮುದ್ರದವ ತನ್ನ ಊಟದ ಡಬ್ಬಿಯನ್ನು ಚೀಲಕ್ಕೆ ತುಂಬಿಕೊಳ್ಳುವುದು ಕಾಣಿಸಿತು. ಅವನು ಈ ಕೆಲಸವೇ ಮುಗಿಯಿತು ಎಂದು ತೀರ್ಮಾನಿಸಿದ್ದ.

ಮಧ್ಯಾಹ್ನ ಅಧ್ಯಕ್ಷರ ಫೋನ್ ಬಂತು. ಸರ್ ಎದ್ದು ನಿಂತು ಎತ್ತಿದರು. “ತಪ್ಪಾತ್ರಿ ಅಧ್ಯಕ್ಷರ, ದೊಡ್ಡ ತಪ್ಪಾತು...” ಎಂದು ಶುರು ಮಾಡಿದವರು ನಡುವೆಯೇ ನಿಂತು, ಕೇಳಿಸಿಕೊಳ್ಳುತ್ತಾ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

ಬಂದ ಮಂದಿ ಬೈದು ಮುಗಿಸಿ, ಸಲಿಕೆ ಹೊತ್ತು ಬಂದದ್ದಾಗಿದೆ, ಬರಿಗೈಲಿ ಯಾಕೆ ಹೋಗುವುದು ಎಂದು ಕಾಲುವೆಗಿಳಿದು ಹೂಳು ತೆಗೆಯತೊಡಗಿದ್ದರಂತೆ. ಕಡೆಯ ಊರಿನ ತನಕ ಕಸ ಮಣ್ಣು ಬಳಿದು ಹಾಕಿದ್ದರು. ಅದಕ್ಕಾಗಿ ಸಂಘದವರು ಡಂಗುರ ಹೊಡೆಸಿ, ಸಭೆ ಕರೆದು, ಕಾಲಿಗೆ ಬಿದ್ದರೂ ಇಷ್ಟು ದಿನ ಒಬ್ಬನೂ ಬಂದಿರಲಿಲ್ಲ.

“ಸಾಹೇಬ್ರ,” ಅಂದರಂತೆ ಅಧ್ಯಕ್ಷರು, “ಈ ತಪ್ಪ ವರ್ಷಕ್ಕೊಮ್ಮಿ ಮಾಡಾಕ ಬರ್ತದೇನ್ರಿ?”

೫. ಕೊನೆಯ ಪಾಳಿ

ಆ ದಿನ ಬಂದೇ ಬಂತು. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಬಂದು ಪರದೆಯ ಎದುರಿನ ಕುರ್ಚಿಯಲ್ಲಿ ಕೂತರು. ಚಹಾ ಬೇಡ ಅಂದರು. ಕಾಕಾ ಕೆಳಗೆ ಗಾಡಿಯ ಮೇಲೆಯೇ ಕೂತಿದ್ದರು, ಕೆಂಪು ಬಂದ ಊರಿಗೆ ಹೊರಡಲು. ಸೋಲಿನ ಟೆಸ್ಟ್‌ಗಳನ್ನೆಲ್ಲ ನಾನೇ ಮತ್ತೊಮ್ಮೆ ಬರೆದಿದ್ದೆ. ಮುರಿಯಬೇಕಾದ ಮಾತು ಮುರಿಯದಿದ್ದರೆ ಟೆಸ್ಟ್ ಬಾಯಿ ಬಡಿದುಕೊಳ್ಳಬೇಕು, ಹಾಗೆ. ಎಲ್ಲ ಸರಿ ಇತ್ತು. ಆದರೂ ಇನ್ನೊಮ್ಮೆ ಓಡಿಸಿ ನೋಡಿದೆ.

ಗೇಟಿನಿಂದ ನೀರು ಬಿಟ್ಟ ಸುದ್ದಿ ಬಂತು. ಅಧ್ಯಕ್ಷರು ಜೇಬಿನಿಂದ ಫೋನ್ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಅದನ್ನು ಬಂದ್ ಮಾಡಿ, ಮೇಜಿನ ಮೇಲೆ ಬೋರಲು ಹಾಕಿದರು.

“ನನ್ನ ಹೊಲಾನೂ ಇದೇ ಕಾಲುವಿ ಮ್ಯಾಲ ಅದ. ನನ್ನ ಹೆಸರೂ ನಿಮ್ಮದ್ರಾಗ ಅದ. ಫೋನ್ ಬಂದ್ ಅದ, ನೋಡೀರಿ. ನನ್ನ ಹೆಸರಿನ ಮುಂದ ಕೆಂಪು ಬರಬೇಕು. ಬಂತಂದ್ರ ನೀವು ಖರೇ. ಕಳಸ್ರಿ.”

ರಾಮಸಮುದ್ರದವ ಕಳಿಸಿದ. ಹೆಸರುಗಳು ಒಂದೊಂದಾಗಿ ಹಸಿರಾಗತೊಡಗಿದವು. ನೆಟ್‌ವರ್ಕ್ ಸಿಗದೆ ದಿನಾ ಗೋಳಾಡುವ ಊರುಗಳೂ ಅವತ್ತು ಹಟ ಹಿಡಿದವರ ಹಾಗೆ ಹಸಿರಾದವು. ಕೊನೆಗೆ ಅಧ್ಯಕ್ಷರ ಹೆಸರೊಂದೇ ಉಳಿಯಿತು. ಅದರ ಮುಂದೆ ಚಕ್ರ ತಿರುಗುತ್ತಿತ್ತು. ಕೆಂಪು ಬರಲಿ ಎಂದು ನಾಲ್ವರು ಉಸಿರು ಬಿಗಿಹಿಡಿದು ಕಾಯುವುದನ್ನು ನಾನು ಅದೇ ಮೊದಲು ನೋಡಿದ್ದು.

ಚಕ್ರ ನಿಂತಿತು. ಹಸಿರು.

ಸರ್ ಮುಖ ನೋಡಲಾಗಲಿಲ್ಲ. ನನಗೆ ಅಳು ಬಂತು, ಅಳುವಿಗಿಂತ ಜಾಸ್ತಿ ಸಿಟ್ಟು ಬಂತು. ಅಧ್ಯಕ್ಷರು ಬಂದ್ ಆದ ಫೋನನ್ನು ಎತ್ತಿ ಹಿಡಿದರು. “ಇದು ಸತ್ತು ಬಿದ್ದದ. ನಿಮ್ಮ ಗ್ವಾಡಿ ಮ್ಯಾಲ ಮುಟ್ಯಾದ ಅಂತ ಬರದದ.”

“ನಿಲ್ರಿ ಅಧ್ಯಕ್ಷರ” ಎಂದು ನಾನು ಅವರ ಕಣ್ಣೆದುರಿಗೇ ಟೆಸ್ಟ್ ಓಡಿಸಿದೆ. ಸೋಲಿನ ಟೆಸ್ಟ್ ಪ್ರತಿಯೊಂದೂ ಸರಿಯಾಗಿ ಸೋಲನ್ನು ಹಿಡಿಯಿತು. “ನೋಡ್ರಿ, ಮುಟ್ಟದಿದ್ರ ಇದು ಕೆಂಪೇ ಅಂತದ. ನಾ ನೂರು ಸಲ ನೋಡೀನಿ.”

“ತಂಗಿ, ನಿನ್ನ ಟೆಸ್ಟಿನ ಮ್ಯಾಲ ನಾ ಭತ್ತ ಬೆಳ್ಯಾಂಗಿಲ್ಲ” ಎಂದು ಎದ್ದರು. ಟೊಪ್ಪಿಗೆ ಸರಿ ಮಾಡಿಕೊಂಡು ಮೆಟ್ಟಿಲ ತನಕ ಹೋದರು. ಸರ್ ಅವರನ್ನು ತಡೆಯಲೂ ಇಲ್ಲ.

ಅಷ್ಟರಲ್ಲಿ ಆಫೀಸಿನ ಫೋನ್ ಬಡಿಯಿತು. ಮೆಸೇಜಿನ ಕೆಳಗೆ ಆ ನಂಬರನ್ನೇ ಕೊಟ್ಟಿರುತ್ತೇವೆ. ಎತ್ತಲು ಹೋದವಳು ಅಲ್ಲೇ ನಿಂತೆ. ಫೋನಿನಲ್ಲಿ ಕಾಣುತ್ತಿದ್ದ ನಂಬರೂ, ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಮುಂದೆ ಇದ್ದ ನಂಬರೂ ಒಂದೇ.

ಎತ್ತಿದೆ. ಆ ಫೋನನ್ನು ಕಿವಿಗಿಟ್ಟರೆ ಏನೂ ಕೇಳುವುದಿಲ್ಲ, ಹಾಗಾಗಿ ಯಾವಾಗಲೂ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳುವ ಹಾಗೆಯೇ ಮಾತಾಡಬೇಕು. ಒಬ್ಬ ಹೆಣ್ಣುಮಗಳ ದನಿ.

“ನೀರಿನ ಮೆಸೇಜ್ ಕಳಸೋರು ನೀವೇನವ್ವ?”

“ಹೌದ್ರಿ ಅಕ್ಕಾರ.”

“ಮೆಸೇಜ್ ಬರೋಬರಿ ಬಂದದ. ನೀರೂ ಬಂದದ. ನಮ್ಮ ಯಜಮಾನ್ರೇ ಕಾಣವಲ್ರು. ಸಂಘದ ಅಧ್ಯಕ್ಷರು. ಮುಂಜಾನಿ ‘ನೀರ ತಿರುವಾಕ ಹೊಲಕ್ಕ ಹೊಂಟೀನಿ’ ಅಂತ ಹೇಳಿ ಹೋಗ್ಯಾರ. ಬುತ್ತಿ ತಗೊಂಡು ಹೊಲಕ್ಕ ಬಂದೀನಿ, ಇಲ್ಲಿ ನಾನು, ಎರಡು ಕೊಕ್ಕರಿ ಬಿಟ್ರ ಯಾರೂ ಇಲ್ಲ. ಅವರ ಫೋನ್ ಬಂದ್ ಅದ. ಅಲ್ಲೇನರ ಬಂದು ಕುಂತಾರೇನು?”

ಈಗ ತಿಳಿಯಿತು. ನಮ್ಮ ಕಡೆ ದೊಡ್ಡ ಮನುಷ್ಯರೆಲ್ಲ ಆಫೀಸುಗಳಿಗೆ ಮನೆಯವರ ನಂಬರು ಕೊಟ್ಟಿರುತ್ತಾರೆ, ತಮಗೆ ಯಾರೂ ತ್ರಾಸು ಕೊಡಬಾರದು ಎಂದು. ಹಸಿರು ಸುಳ್ಳಲ್ಲ. ಮೆಸೇಜ್ ಮುಟ್ಟಬೇಕಾದ ನಂಬರಿಗೇ ಮುಟ್ಟಿತ್ತು.

ನಾನು ತಿರುಗಿ ನೋಡಿದೆ. ಮೆಟ್ಟಿಲ ಹತ್ತಿರ ಅಧ್ಯಕ್ಷರು ಎರಡೂ ಕೈ ಆಡಿಸುತ್ತಾ ‘ಇಲ್ಲ ಅನ್ನು, ಇಲ್ಲ ಅನ್ನು’ ಎನ್ನುತ್ತಿದ್ದರು. ಅವರ ಹಿಂದೆ ಸರ್ ನನಗೆ ಕೈ ಮುಗಿದು ಅದನ್ನೇ ಬೇಡಿಕೊಳ್ಳುತ್ತಿದ್ದರು. ಒಂದು ಮಾತು ಸುಳ್ಳು ಹೇಳಿದರೆ ಅಧ್ಯಕ್ಷರು ನಮಗೆ ಋಣಿ, ಆಫೀಸು ಉಳಿಯುತ್ತದೆ. ನನಗೂ ಅದು ಹೊಳೆಯದೆ ಇರಲಿಲ್ಲ. ಆದರೆ ಸುಳ್ಳು ಹಸಿರನ್ನು ಹಿಡಿದು ಹಿಡಿದು ಎಲ್ಲರ ಜೊತೆ ಜಗಳಾಡಿದವಳು ಈಗ ನಾನೇ ಒಂದು ಸುಳ್ಳು ಹಸಿರು ಕೊಡಲೇ? ಬಾಯೇ ಬರಲಿಲ್ಲ.

“ಹಲೋ? ಕೇಳಸ್ತದೇನವ್ವ?”

“ಕೇಳಸ್ತದ್ರಿ ಅಕ್ಕಾರ,” ಅಂದೆ. “ಇಲ್ಲೇ ಅದಾರ್ರಿ.”

ಆ ಕಡೆ ಸ್ವಲ್ಪ ಹೊತ್ತು ಬರೀ ನೀರಿನ ಸದ್ದು.

“ಹಂಗೇನು. ಕುಂಡ್ರಲಿ, ಕುಂಡ್ರಲಿ. ಎಬ್ಬಸಬ್ಯಾಡ. ನೀರ ನಾ ತಿರುವ್ತೀನಿ. ಬುತ್ತೀನೂ ನಾನೇ ಉಣ್ತೀನಿ.” ಫೋನ್ ಇಟ್ಟಳು.

ಸರ್ ಮುಗಿದ ಕೈ ಹಾಗೆಯೇ ಇತ್ತು. ರಾಮಸಮುದ್ರದವ ಮಾನಿಟರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಅಧ್ಯಕ್ಷರು ಮೆಟ್ಟಿಲಿನಿಂದ ವಾಪಸ್ ಬಂದು, ಕುರ್ಚಿಯಲ್ಲಿ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನನ್ನೇ ನೋಡುತ್ತಿದ್ದರು. ನನ್ನ ಕೆಲಸ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

“ಮುಟ್ಯಾದ ಅಂದದ್ದೂ ಖರೇ,” ಅಂದರು. “ಇಲ್ಲೇ ಅದಾರ ಅಂದದ್ದೂ ಖರೇ. ಈ ಹುಡುಗಿ ನನಗೇ ಬಿಟ್ಟಿಲ್ಲ ಅಂದ್ರ ಕಡೀ ಊರಿನವಗ ಸುಳ್ಳ ಹೇಳ್ತಾಳೇನು? ಉಳದ ಕಾಲುವಿಗೂ ಹಚ್ರಿ ಸಾಹೇಬ್ರ.”

ಸರ್ ಮುಗಿದ ಕೈಯನ್ನು ಈಗ ಇಳಿಸಿದರು. ಮರ್ಯಾದೆಗೆ ಅಂದರು: “ಭಾಳ ಉಪಕಾರಾತ್ರಿ. ಇರ್ರಿ, ಬ್ಯಾರೆ ನಂಬರಿಗಿ ಕಳಸಿ ಒಂದು ಕೆಂಪೂ ತೋರಸೇ ಬಿಡ್ತೀವಿ. ಅದನ್ನ ನೋಡಾಕಂತೇ ಬಂದೀರಿ.”

“ಬ್ಯಾಡ್ರಿ,” ಅಂದರು ಅಧ್ಯಕ್ಷರು, ಟೊಪ್ಪಿಗೆ ಮೆಲ್ಲಗೆ ತಲೆಗೆ ಹಾಕಿಕೊಳ್ಳುತ್ತಾ. “ನನ್ನ ಕೆಂಪು ಮನಿಗಿ ಹೋದ ಮ್ಯಾಲ ಬರ್ತದ.”